ಎದುರು ಮನೆಯವರು ಸಿನಗಾಗ್‌ ಹಬ್ಬಕ್ಕೆ ಕರೆದಿದ್ದಾರೆ, ಯಾವ ದಿನ ಹೋಗಲಿ?

ನೀವು ಧಾರವಾಡದಿಂದ ಮುಂಬೈ ಪಕ್ಕದ ಠಾಣೆಗೆ ಹೊಸದಾಗಿ ಬಂದಿದ್ದೀರಿ. ಎದುರು ಮನೆಯವರು ಬೆನೆ ಇಸ್ರೇಲ್, ಅಂದರೆ ಕೊಂಕಣದ ಯಹೂದಿ ಸಮುದಾಯದವರು. ಅವರು "ನಮ್ಮ ಹಬ್ಬಗಳು ಬರ್ತಿವೆ, ಸಿನಗಾಗ್‌ಗೆ ಬನ್ನಿ" ಎಂದಿದ್ದಾರೆ. ಸಿನಗಾಗ್ ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಸಾಲಾಗಿ ಮೂರ್ನಾಲ್ಕು ಹಬ್ಬ ಇರುವ ಹಾಗಿದೆ, ಯಾವುದಕ್ಕೆ ಹೋಗೋದು, ಏನು ತಗೊಂಡು ಹೋಗೋದು ಎಂದು ಕೇಳಿದ್ದೀರಿ.

ನನ್ನ ಉತ್ತರ: ಸುಕ್ಕೋತ್, ಅಂದರೆ ಚಪ್ಪರದ ಹಬ್ಬಕ್ಕೆ ಹೋಗಿ. ಅದರಲ್ಲೂ ಹಬ್ಬಕ್ಕೆ ಒಂದೆರಡು ದಿನ ಮೊದಲು, ಅಂಗಳದಲ್ಲಿ ಚಪ್ಪರ ಕಟ್ಟುವಾಗಲೇ ಹೋಗಿ ಕೈ ಹಾಕಿ. ಆಮೇಲೆ ಧರ್ಮಗ್ರಂಥದ ಓದು ಮುಗಿಸಿ ಕುಣಿಯುವ ಸಿಮ್ಹಾತ್ ತೋರಾ ರಾತ್ರಿಗೆ ಮನೆಮಂದಿಯೆಲ್ಲ ಹೋಗಿ. ಉಪವಾಸದ ಯೋಮ್ ಕಿಪ್ಪುರ್ ದಿನ ಮೊದಲ ಭೇಟಿ ಬೇಡ. ಯಾಕೆ ಅಂತ ಹೇಳ್ತೇನೆ.

ನಾನು ಠಾಣೆಯಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಪಕ್ಕದ ಮನೆಯ ಕಾಕು ಬೆನೆ ಇಸ್ರೇಲ್ ಸಮುದಾಯದವರು. ಮನೆಮಾತು ಮರಾಠಿ. ಅವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದರು. ಶನಿವಾರ ಅವರ ವಿಶ್ರಾಂತಿಯ ದಿನ, ಆಗ ಗಾಣ ನಿಲ್ಲಿಸುತ್ತಿದ್ದರು ಅಂತ ಊರವರು ಅವರನ್ನು 'ಶನಿವಾರ್ ತೇಲಿ' ಎಂದು ಕರೆಯುತ್ತಿದ್ದರು. ಅಡ್ಡಹೆಸರುಗಳೂ ಊರಿನವೇ: ಪೇಣ್‌ನವರು ಪೇಣ್ಕರ್, ದಿವೆಯವರು ದಿವೇಕರ್. ಅಲಿಬಾಗ್ ಹತ್ತಿರದ ನವಗಾಂವ್ ತೀರದಲ್ಲಿ ಹಡಗು ಒಡೆದು, ಏಳು ಗಂಡಸರು ಏಳು ಹೆಂಗಸರು ಬದುಕಿ ದಡ ಸೇರಿದರು, ಅವರೇ ನಮ್ಮ ಮೂಲ ಎಂದು ಅವರು ಹೇಳಿಕೊಂಡು ಬಂದಿದ್ದಾರೆ.

ನಮ್ಮ ಕಡೆಗೂ ಇವರ ಕಥೆಗೂ ಒಂದು ನಂಟಿದೆ. ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದ್ದು ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್, 1796ರಲ್ಲಿ. ಅವರು ಈಸ್ಟ್ ಇಂಡಿಯಾ ಕಂಪನಿ ಸೈನ್ಯದಲ್ಲಿದ್ದವರು. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿದ್ದರು. ಇವರು ಬೆನೆ ಇಸ್ರೇಲ್ ಎಂದು ತಿಳಿದು ಟಿಪ್ಪುವಿನ ತಾಯಿಯೇ ಜೀವ ಉಳಿಸಲು ಹೇಳಿದರು ಎನ್ನುವುದು ಸಮುದಾಯದ ನಂಬಿಕೆ. ಬಿಡುಗಡೆಯಾಗಿ ಬಂದ ಮೇಲೆ ಮಾಂಡವಿಯಲ್ಲಿ ಆ ಸಿನಗಾಗ್ ಕಟ್ಟಿಸಿದರು. ಅದರ ಹೆಸರು ಶಾರ್ ಹರಹಮೀಮ್, ಅಂದರೆ ಕರುಣೆಯ ಬಾಗಿಲು. ಈಗಲೂ ಇದೆ, ಮಸ್ಜಿದ್ ಸ್ಟೇಷನ್ ಹತ್ತಿರ. ಒಮ್ಮೆ ನೋಡಿ ಬನ್ನಿ. ಠಾಣೆಯ ಶಾರ್ ಹಶಾಮಯೀಮ್ 1879ರದ್ದು, ಟೇಂಭಿ ನಾಕಾ ಕಡೆ.

ಈಗ ಹಬ್ಬಗಳಿಗೆ ಬರೋಣ. ಅವರ ಪಂಚಾಂಗವೂ ನಮ್ಮದರ ಹಾಗೆ ಚಂದ್ರನದ್ದು, ಮಧ್ಯೆ ಮಧ್ಯೆ ಅಧಿಕ ಮಾಸ ಸೇರಿಸುತ್ತಾರೆ. ಅಮಾವಾಸ್ಯೆ ಕಳೆದ ಕೂಡಲೇ ಹೊಸ ವರ್ಷ ರೋಶ್ ಹಶಾನಾ, ಹತ್ತನೇ ದಿನ ಉಪವಾಸದ ಯೋಮ್ ಕಿಪ್ಪುರ್, ಹುಣ್ಣಿಮೆಗೆ ಸುಕ್ಕೋತ್. ಹಾಗಾಗಿ ಬಹಳ ಸಲ ಇವು ನವರಾತ್ರಿಯ ಜೊತೆಜೊತೆಗೇ ನಡೆಯುತ್ತವೆ. 2024ರಲ್ಲಿ ಯೋಮ್ ಕಿಪ್ಪುರ್ ಮತ್ತು ವಿಜಯದಶಮಿ ಎರಡೂ ಅಕ್ಟೋಬರ್ 12ಕ್ಕೆ ಬಂದವು. 2025ರಲ್ಲಿ ಎರಡೂ ಅಕ್ಟೋಬರ್ 2ಕ್ಕೆ. ಅಧಿಕ ಮಾಸದ ಲೆಕ್ಕ ಬೇರೆಯಾದ ವರ್ಷ ಒಂದು ತಿಂಗಳು ಹಿಂದೆ ಹೋಗುತ್ತದೆ. 2023ರಲ್ಲಿ ಅವರ ಹೊಸ ವರ್ಷ ನಮ್ಮ ಗಣೇಶನ ಹಬ್ಬದ ಆಸುಪಾಸಿನಲ್ಲೇ ಬಂದಿತ್ತು. ಅವರ ದಿನ ಸಂಜೆಯಿಂದ ಶುರುವಾಗುತ್ತದೆ. "ಮಂಗಳವಾರ ಹಬ್ಬ" ಎಂದರೆ ಸೋಮವಾರ ಸೂರ್ಯ ಮುಳುಗುವಾಗಲೇ ಶುರು. ಇದು ನೆನಪಿರಲಿ, ಇಲ್ಲಾಂದ್ರೆ ದಿನ ತಪ್ಪುತ್ತದೆ.

ಇದಕ್ಕೂ ಮೊದಲೇ, ಹಿಂದಿನ ಎಲುಲ್ ತಿಂಗಳಿಡೀ, ಬೆಳಗಿನ ಜಾವ ಸಿನಗಾಗ್‌ನಲ್ಲಿ ಸೆಲಿಹೋತ್ ಎಂಬ ಕ್ಷಮೆ ಕೇಳುವ ಪ್ರಾರ್ಥನೆ ಇರುತ್ತದೆ. ಕತ್ತಲಿರುವಾಗಲೇ ಹೋಗಿ, ಮುಗಿಸಿಕೊಂಡು, ಅಲ್ಲಿಂದಲೇ ಲೋಕಲ್ ಹಿಡಿದು ಆಫೀಸಿಗೆ ಹೋಗುವವರಿದ್ದಾರೆ. ನನಗೆ ಆ ಜನರ ಮೇಲೆ ತುಂಬ ಗೌರವ.

ರೋಶ್ ಹಶಾನಾ ಮನೆ ಮತ್ತು ಸಿನಗಾಗ್ ಎರಡರಲ್ಲೂ ನಡೆಯುವ ಹಬ್ಬ. ಸಿನಗಾಗ್‌ನಲ್ಲಿ ಶೋಫಾರ್ ಊದುತ್ತಾರೆ, ಅದು ಟಗರಿನ ಕೊಂಬು. ಶನಿವಾರ ಬಂದರೆ ಆ ದಿನ ಊದುವುದಿಲ್ಲ. ಮನೆಯಲ್ಲಿ ಜೇನು, ಸೇಬು, ಖರ್ಜೂರ, ದಾಳಿಂಬೆ ಮುಂದಿಟ್ಟು ವರ್ಷ ಸಿಹಿಯಾಗಿರಲಿ ಎಂದು ಬೇಡಿಕೊಳ್ಳುತ್ತಾರೆ. ಆದರೆ ಬೆನೆ ಇಸ್ರೇಲ್ ಮನೆಗಳಲ್ಲಿ ಈ ಹಬ್ಬ ಎಂದರೆ ಮೊದಲು ಚಿಕ್ ಹಲ್ವ. ಗೋಧಿ ನೆನೆಸಿ, ರುಬ್ಬಿ, ಹಿಂಡಿ ಹಾಲು ತೆಗೆಯಬೇಕು. ಅದು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಅದೇ ಚಿಕ್. ಅದಕ್ಕೆ ತೆಂಗಿನ ಹಾಲು, ಸಕ್ಕರೆ ಸೇರಿಸಿ ದೊಡ್ಡ ಪಾತ್ರೆಯಲ್ಲಿ ತಾಸುಗಟ್ಟಲೆ ಮಗುಚಬೇಕು. ಕೈ ಬಿಟ್ಟರೆ ತಳ ಹಿಡಿಯಿತು. ನಮ್ಮ ಹಾಲುಬಾಯಿ ಮಾಡಿದವರಿಗೆ ಇದು ಗೊತ್ತಿರುವ ಕೆಲಸವೇ. ಒಬ್ಬರ ಕೈಯಲ್ಲಿ ಆಗುವುದಲ್ಲ, ಹಾಗಾಗಿ ಕಾಕು ಮನೆಗೆ ಆ ದಿನ ಅಕ್ಕಪಕ್ಕದವರೆಲ್ಲ ಹೋಗಿ ಸರದಿ ಮೇಲೆ ಸೌಟು ಹಿಡಿಯುತ್ತೇವೆ. ಆಮೇಲೆ ತಟ್ಟೆಗಳಿಗೆ ಸುರಿದು, ಮೇಲೆ ಬಾದಾಮಿ-ಪಿಸ್ತಾ ಉದುರಿಸಿ, ಆರಿದ ಮೇಲೆ ಕತ್ತರಿಸುತ್ತಾರೆ. ತೆಂಗಿನ ಹಾಲೇ ಯಾಕೆ ಅಂದರೆ, ಅವರ ಆಹಾರ ನಿಯಮದಲ್ಲಿ ಮಾಂಸ ಮತ್ತು ಹಾಲು ಒಟ್ಟಿಗೆ ಕೂಡದು. ಮಾಂಸದ ಊಟದ ಮೇಲೆ ದನದ ಹಾಲಿನ ಸಿಹಿ ತಿನ್ನುವಂತಿಲ್ಲ. ತೆಂಗಿನ ಹಾಲಿಗೆ ಆ ತೊಂದರೆ ಇಲ್ಲ. ಎದುರು ಮನೆಯವರು ಹಲ್ವ ಮಗುಚುವ ದಿನ ಯಾವುದು ಅಂತ ಈಗಲೇ ಕೇಳಿಟ್ಟುಕೊಳ್ಳಿ. "ನಾವೂ ಬರ್ತೇವೆ" ಎಂದರೆ ಅವರಿಗೆ ಖುಷಿಯಾಗುತ್ತದೆ. ಪರಿಚಯ ಬೆಳೆಸಿಕೊಳ್ಳಲು ಅದಕ್ಕಿಂತ ಒಳ್ಳೆ ದಿನ ಇಲ್ಲ.

ಯೋಮ್ ಕಿಪ್ಪುರ್ ಯಾಕೆ ಬೇಡ ಎಂದೆ ಅಂದರೆ, ಅದು ಸುಮಾರು 25 ತಾಸಿನ ಉಪವಾಸ, ನೀರೂ ಇಲ್ಲ. ಹೆಚ್ಚಿನವರು ಬಿಳಿ ಬಟ್ಟೆ ಹಾಕುತ್ತಾರೆ, ಚರ್ಮದ ಚಪ್ಪಲಿ ಹಾಕುವುದಿಲ್ಲ. ಬೆಳಗಿನಿಂದ ಸಂಜೆತನಕ ಪ್ರಾರ್ಥನೆ. ಆ ದಿನ ಪ್ರತಿಯೊಬ್ಬರೂ ತಮ್ಮ ವರ್ಷದ ತಪ್ಪುಗಳ ಲೆಕ್ಕದಲ್ಲಿ ಮುಳುಗಿರುತ್ತಾರೆ. ಅತಿಥಿಗೆ ಯಾವ ಪುಟ, ಯಾವಾಗ ಎದ್ದು ನಿಲ್ಲೋದು ಅಂತ ಹೇಳಿಕೊಡುವ ಹೊರೆ ಆಗ ಯಾರ ಮೇಲೂ ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ. ಹಿಂದೆ ಕೊಂಕಣದಲ್ಲಿ ಇದನ್ನು 'ದಾರ್ ಫಾಲ್ನಿಚಾ ಸಣ್' ಎನ್ನುತ್ತಿದ್ದರು, ಬಾಗಿಲು ಮುಚ್ಚುವ ಹಬ್ಬ. ಮನೆಯೊಳಗೇ ಇದ್ದು, ಬೇರೆಯವರನ್ನು ಮುಟ್ಟದೆ ದಿನ ಕಳೆಯುತ್ತಿದ್ದರು. ಮಾರನೇ ದಿನ 'ಶಿಳಾ ಸಣ್'. ಆ ದಿನ ಬಡವರಿಗೆ ದಾನ, ನೆಂಟರಿಷ್ಟರ ಭೇಟಿ. ನೀವು ಹೋಗುವುದಾದರೆ ಆ ಮಾರನೇ ದಿನ ಎದುರು ಮನೆಗೆ ಹೋಗಿ ಮಾತಾಡಿಸಿ ಬನ್ನಿ. ಉಪವಾಸ ಮುಗಿಯುವ ಹೊತ್ತಿನಲ್ಲಿ ಕೊನೆಯ ಶೋಫಾರ್ ದನಿ ಸಿನಗಾಗ್ ಹೊರಗಿನ ರಸ್ತೆಗೂ ಕೇಳುತ್ತದೆ. ಗೇಟಿನ ಹೊರಗೆ ನಿಂತು ಕೇಳಿಸಿಕೊಂಡರೂ ಸಾಕು.

ಇನ್ನು ಸುಕ್ಕೋತ್. ಇದರ ಬಗ್ಗೆ ಜಾಸ್ತಿ ಹೇಳಲೇಬೇಕು, ಯಾಕೆಂದರೆ ಸಿನಗಾಗ್ ಎಂಬುದು ಪ್ರಾರ್ಥನೆಯ ಕಟ್ಟಡ ಮಾತ್ರ ಅಲ್ಲ, ಒಂದು ಮೊಹಲ್ಲಾದ ಅಂಗಳ ಕೂಡ ಅಂತ ನನಗೆ ತಿಳಿದದ್ದು ಇಲ್ಲೇ. ಈಜಿಪ್ಟ್ ಬಿಟ್ಟ ಮೇಲೆ ಅವರ ಪೂರ್ವಜರು ಮರಳುಗಾಡಿನಲ್ಲಿ 40 ವರ್ಷ ಗುಡಿಸಲುಗಳಲ್ಲಿ ಇದ್ದ ನೆನಪಿಗೆ ಏಳು ದಿನ ಚಪ್ಪರದಲ್ಲಿ ಉಣ್ಣಬೇಕು ಎಂಬುದು ನಿಯಮ. ಆ ಚಪ್ಪರವೇ ಸುಕ್ಕಾ. ಜೊತೆಗೆ ಇದು ಸುಗ್ಗಿಯ ಹಬ್ಬವೂ ಹೌದು. ನಮ್ಮಲ್ಲಿ ಸೀಗೆ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಬೆಳೆಗೆ ಪೂಜೆ ಮಾಡಿ ಅಲ್ಲೇ ಉಣ್ಣುತ್ತೇವಲ್ಲ, ಬಹಳ ವರ್ಷ ಸುಕ್ಕೋತ್ ಶುರುವಾಗುವುದೂ ಅದೇ ಹುಣ್ಣಿಮೆಗೆ.

ಸುಕ್ಕಾದ ಮಾಡು ನೆಲದಲ್ಲಿ ಬೆಳೆದು ಕಡಿದು ತಂದ ಸೊಪ್ಪು-ಗರಿಯದ್ದೇ ಆಗಬೇಕು. ನೆರಳು ಬಿಸಿಲಿಗಿಂತ ಜಾಸ್ತಿ ಇರಬೇಕು, ಆದರೆ ರಾತ್ರಿ ನಕ್ಷತ್ರ ಕಾಣುವಷ್ಟು ಸಂದಿ ಇದ್ದರೆ ಒಳ್ಳೆಯದು. ಮರದ ಕೆಳಗೆ, ಮಹಡಿಯ ಕೆಳಗೆ ಕಟ್ಟುವಂತಿಲ್ಲ. ಈಗ ಯೋಚಿಸಿ, ಮುಂಬೈ-ಠಾಣೆಯ ಫ್ಲ್ಯಾಟುಗಳಲ್ಲಿ ತೆರೆದ ಆಕಾಶ ಯಾರಿಗಿದೆ? ಬಾಲ್ಕನಿ ಇದ್ದರೂ ಮೇಲೆ ಇನ್ನೊಬ್ಬರ ಬಾಲ್ಕನಿ. ಹಾಗಾಗಿ ಸಿನಗಾಗ್ ಅಂಗಳದ ಒಂದೇ ಸುಕ್ಕಾ ಎಲ್ಲರ ಸುಕ್ಕಾ. ಎಲ್ಲರೂ ಅಲ್ಲಿಗೇ ಬರಬೇಕು, ಒಂದೇ ಚಪ್ಪರದ ಕೆಳಗೆ ಪಕ್ಕ ಪಕ್ಕ ಕೂರಬೇಕು. ಜಾಗ ಇಲ್ಲದ ಊರು ಈ ಹಬ್ಬವನ್ನು ಇನ್ನಷ್ಟು ಹತ್ತಿರದ ಹಬ್ಬ ಮಾಡಿದೆ ಅಂತ ನನಗನಿಸುತ್ತದೆ.

ಕಟ್ಟುವ ಕೆಲಸ ಯೋಮ್ ಕಿಪ್ಪುರ್ ಮುಗಿದ ಕೂಡಲೇ ಶುರು. ಬಿದಿರು ನಿಲ್ಲಿಸೋದು, ತೆಂಗಿನ ಗರಿ ಹೊದಿಸೋದು, ಹಗ್ಗ ಬಿಗಿಯೋದು. ಹಣ್ಣು ತೂಗುಹಾಕುವ ಕೆಲಸ ಮಕ್ಕಳದ್ದು: ಬಾಳೆ, ಮೋಸಂಬಿ, ದಾಳಿಂಬೆ, ಸೇಬು. ನೀವು ಒಯ್ಯಬೇಕಾದ್ದು ಇದೇ, ಹಣ್ಣು. ಕತ್ತರಿಸದ ಇಡೀ ಹಣ್ಣಿಗೆ ಆಹಾರ ನಿಯಮದ ತಕರಾರು ಇರುವುದಿಲ್ಲ. ಆದರೆ ಹಬ್ಬ ಶುರುವಾಗುವ ಸಂಜೆಗೆ ಮೊದಲೇ ತಲುಪಿಸಿ, ಆಮೇಲೆ ಕಟ್ಟುವುದು-ಬಿಚ್ಚುವುದು ಮಾಡುವಂತಿಲ್ಲ. ಅಕ್ಟೋಬರ್ ಮಳೆಯ ಭಯ ಇದ್ದೇ ಇರುತ್ತದೆ, ಆದರೆ ಮೇಲೆ ತಗಡು ಹಾಕಿದರೆ ಅದು ಸುಕ್ಕಾ ಆಗಲ್ಲ. ತಟ್ಟೆಯಲ್ಲಿದ್ದ ಊಟ ಹಾಳಾಗುವಷ್ಟು ಮಳೆ ಬಂದರೆ ಎದ್ದು ಒಳಗೆ ಹೋಗಬಹುದು ಅಂತ ಹಳೇ ಶಾಸ್ತ್ರದಲ್ಲೇ ಹೇಳಿದೆ.

ಬೆಳಗಿನ ಪ್ರಾರ್ಥನೆಯಲ್ಲಿ ನಾಲ್ಕು ಗಿಡಗಳನ್ನು ಕೈಯಲ್ಲಿ ಹಿಡಿದು ಎಲ್ಲ ದಿಕ್ಕಿಗೂ ಅಲುಗಿಸುತ್ತಾರೆ: ಬಿಚ್ಚದ ಖರ್ಜೂರದ ಗರಿ, ಮರ್ಟಲ್ ಮತ್ತು ವಿಲ್ಲೋ ಟೊಂಗೆಗಳು, ಮತ್ತೆ ಎತ್ರೋಗ್. ಎತ್ರೋಗ್ ಅಂದರೆ ನಮ್ಮ ಮಾದಲ ಹಣ್ಣಿನ ಜಾತಿ. ಅದರ ಸಿಪ್ಪೆ ಮೇಲೆ ಒಂದು ಕಲೆ ಇರಬಾರದು ಅಂತ ಆರಿಸುವಾಗ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಹಬ್ಬದ ವೈನಿನ ಬದಲು ಬೆನೆ ಇಸ್ರೇಲ್ ಮನೆಗಳಲ್ಲಿ ಒಣದ್ರಾಕ್ಷಿ ನೆನೆಸಿ ಮಾಡಿದ ಶರಬತ್ತು ಇರುತ್ತದೆ. ನಿಮಗೂ ಒಂದು ಲೋಟ ಸಿಗುತ್ತದೆ.

ಏಳು ದಿನ ಕಳೆದು, ಎಂಟನೇ ದಿನ ಮಳೆಗಾಗಿ ಪ್ರಾರ್ಥನೆ. ನಮಗೆ ಇಲ್ಲಿ ಮಳೆಗಾಲ ಮುಗಿಯುತ್ತಿರುತ್ತದೆ, ಆದರೆ ಇಸ್ರೇಲ್‌ನಲ್ಲಿ ಆಗಲೇ ಶುರು. ಮಾರನೇ ದಿನ ಸಿಮ್ಹಾತ್ ತೋರಾ. ವರ್ಷವಿಡೀ ವಾರಕ್ಕೊಂದು ಭಾಗದಂತೆ ಓದಿದ ತೋರಾ, ಅಂದರೆ ಅವರ ಧರ್ಮಗ್ರಂಥ, ಆ ದಿನ ಮುಗಿದು, ನಿಲ್ಲಿಸದೆ ಮತ್ತೆ ಮೊದಲ ಸಾಲಿನಿಂದ ಶುರು. ಕಪಾಟಿನಿಂದ ತೋರಾ ಬರೆದ ಸುರುಳಿಗಳನ್ನೆಲ್ಲ ಹೊರಗೆ ತಂದು, ಎತ್ತಿಕೊಂಡು ಹಾಡುತ್ತ, ಕುಣಿಯುತ್ತ ಏಳು ಸುತ್ತು ಬರುತ್ತಾರೆ. ಮುದುಕರೂ ಕುಣಿಯುತ್ತಾರೆ. ಸುರುಳಿ ಹತ್ತಿರ ಬಂದಾಗ ಕೈಯಿಂದ ಮುಟ್ಟಿ ಮುತ್ತಿಡುತ್ತಾರೆ. ನೀವು ಸುಮ್ನೆ ಗೌರವದಿಂದ ಎದ್ದು ನಿಂತರೆ ಸಾಕು. ಹೊಸಬರಿಗೆ ಈ ರಾತ್ರಿ ತುಂಬ ಸುಲಭ, ಚಪ್ಪಾಳೆ ತಟ್ಟಲು ಹೀಬ್ರೂ ಬರಬೇಕಿಲ್ಲ.

ಅವರು ನಿಮ್ಮನ್ನು ಕರೆದಿರುವುದರ ಹಿಂದೆ ಏನಿದೆ ಅಂತಲೂ ತಿಳಿದಿರಲಿ. ಸ್ವಾತಂತ್ರ್ಯದ ಹೊತ್ತಿಗೆ ಬೆನೆ ಇಸ್ರೇಲರು ಸುಮಾರು 20,000 ಇದ್ದರು. 1948ರಿಂದ ಮನೆ ಮೇಲೆ ಮನೆ ಇಸ್ರೇಲ್‌ಗೆ ಹೋಯಿತು. ಈಗ ಇಡೀ ದೇಶದ ಯಹೂದಿಗಳನ್ನು ಸೇರಿಸಿದರೂ ಐದು ಸಾವಿರದ ಒಳಗೆ. ಪೂರ್ಣ ಪ್ರಾರ್ಥನೆ ನಡೆಯಲು ಹತ್ತು ಮಂದಿ ವಯಸ್ಕ ಗಂಡಸರು ಬೇಕು, ಇದಕ್ಕೆ ಮಿನ್ಯಾನ್ ಎನ್ನುತ್ತಾರೆ. ಕೊಂಕಣದ ಸಣ್ಣ ಊರುಗಳಲ್ಲಿ ಆ ಹತ್ತು ಜನ ಸೇರುವುದೇ ಕಷ್ಟ. ಹಬ್ಬ ಬಂದರೆ ಮುಂಬೈಯಿಂದ ಜನ ಹೋಗಿ ಬಾಗಿಲು ತೆಗೆಸಬೇಕು. ಠಾಣೆಯಲ್ಲಿ ಜನ ಇದ್ದಾರೆ, ಮಕ್ಕಳ ದನಿ ಇದೆ. ಆದರೂ ಪ್ರತಿ ವರ್ಷ ಯಾರೋ ಒಬ್ಬರ ಕುರ್ಚಿ ಖಾಲಿಯಾಗುತ್ತದೆ. ಮತಾಂತರ ಮಾಡಿಸುವ ಸಂಪ್ರದಾಯ ಅವರದ್ದಲ್ಲ, ಆ ಬಗ್ಗೆ ಏನೂ ಅಳುಕು ಬೇಡ. ನೆರೆಯವರು ಬಂದು ಬಿದಿರು ಹಿಡಿದರೆ ಅವರಿಗೆ ಅದು ನಿಜವಾಗಿಯೂ ಬೇಕಾದ ಸಹಾಯ. ನಾನು ಚಪ್ಪರ ಕಟ್ಟುವ ಕೆಲಸಕ್ಕೆ ಹೋಗಿ ಅಂತ ಒತ್ತಿ ಹೇಳುತ್ತಿರುವುದು ಅದಕ್ಕೇ.

ಕೆಲವು ಸಣ್ಣ ವಿಷಯಗಳು. 2008ರ ನವೆಂಬರ್ ದಾಳಿಯಲ್ಲಿ ಕೊಲಾಬಾದ ನರಿಮನ್ ಹೌಸ್‌ನಲ್ಲಿ ಯಹೂದಿಗಳನ್ನೇ ಹುಡುಕಿ ಕೊಂದರು. ಅಂದಿನಿಂದ ಸಿನಗಾಗ್‌ಗಳ ಗೇಟಿನಲ್ಲಿ ಬಿಗಿ ಕಾವಲು. ಎದುರು ಮನೆಯವರ ಜೊತೆಗೇ ಹೋಗಿ, ನಿಮ್ಮ ಹೆಸರು ಮೊದಲೇ ಹೇಳಿಡಲು ಕೇಳಿ, ಆಧಾರ್ ಇಟ್ಟುಕೊಳ್ಳಿ. ಬ್ಯಾಗ್ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಗಂಡಸರು ತಲೆ ಮುಚ್ಚಬೇಕು, ಟೋಪಿ ಅಲ್ಲೇ ಕೊಡುತ್ತಾರೆ. ಹೆಂಗಸರಿಗೆ ಬೇರೆ ಜಾಗ, ಹೆಚ್ಚಾಗಿ ಮೇಲಿನ ಗ್ಯಾಲರಿ. ಸೀರೆ ಅಥವಾ ಚೂಡಿದಾರ್ ಸರಿ. ಹಬ್ಬದ ದಿನ ಮತ್ತು ಶನಿವಾರ ಫೋನ್ ಹೊರಗೆ ತೆಗೆಯಬೇಡಿ, ಫೋಟೋ ಬೇಡವೇ ಬೇಡ. ಚಪ್ಪರ ಕಟ್ಟುವ ದಿನ ಕೇಳಿಕೊಂಡು ತೆಗೆಯಬಹುದು.

ಮನೆಯಲ್ಲಿ ಮಾಡಿದ ತಿಂಡಿ ಒಯ್ಯಬೇಡಿ. ಪ್ರೀತಿಯಿಂದ ಕೊಟ್ಟರೂ ಅವರ ಪಾತ್ರೆ, ಅಡುಗೆ ನಿಯಮ ಬೇರೆ, ಬೇಡ ಅನ್ನಲು ಅವರಿಗೆ ಕಷ್ಟವಾಗುತ್ತದೆ. ನೀವು ಸಸ್ಯಾಹಾರಿಗಳಾದರೆ ಮೊದಲೇ ಹೇಳಿ. ಹಾಲು-ಮಾಂಸ ಬೇರೆ ಬೇರೆ ಇಡುವ ಜನ, ಯಾವ ತಟ್ಟೆಯಲ್ಲಿ ಏನಿದೆ ಅಂತ ಅವರಿಗೆ ಪಕ್ಕಾ ಗೊತ್ತಿರುತ್ತದೆ. ಸಿಕ್ಕಾಗ "ಹಾಗ್ ಸಮೇಯಾಖ್" ಎನ್ನಿ, ಹಬ್ಬದ ಶುಭಾಶಯ. ರೋಶ್ ಹಶಾನಾಗೆ ಮಾತ್ರ "ಶಾನಾ ತೋವಾ".

ಗರಿ ಯಾವ ದಿನ ಬರುತ್ತದೆ, ಎಷ್ಟು ಹೊತ್ತಿಗೆ ಕಟ್ಟಲು ಶುರು ಅಂತ ಎದುರು ಮನೆಯವರನ್ನು ಈ ವಾರವೇ ಕೇಳಿ. ಹತ್ತಿ ಬಟ್ಟೆ ಹಾಕಿಕೊಂಡು ಹೋಗಿ, ಅಕ್ಟೋಬರ್ ಸೆಕೆ ಜೋರಿರುತ್ತದೆ.