ಮೆತ್ತಗಾದ ಚಿಕನ್ ತುಂಡು ನಾಯಿಗೆ ಹಾಕಬಹುದೇ?

ಫ್ರೀಜ್-ಡ್ರೈಡ್ (ಹೆಪ್ಪುಗಟ್ಟಿಸಿ ಒಣಗಿಸಿದ) ಹಸಿ ಚಿಕನ್ ಪ್ಯಾಕೆಟ್ ತೆರೆದು ಹತ್ತು ದಿನಕ್ಕೇ ಮೆತ್ತಗಾಗಿದೆ, ಮಂಗಳೂರಿನ ಮಳೆಗೆ ಫ್ರಿಜ್‌ನಲ್ಲಿಡಲೇ ಅಂತ ಕೇಳಿದ್ದೀರಿ. ಮೆತ್ತಗಾದದ್ದನ್ನು ಎಸೆದುಬಿಡಿ. ಹೀಗೆ ಒಣಗಿಸಿದಾಗ ನೀರು ಹೋಗುತ್ತದೆ, ಆದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ದರೆ ಪೂರ್ತಿ ಸಾಯುವುದಿಲ್ಲ. ತೇವ ಸಿಕ್ಕರೆ ಮತ್ತೆ ಚಿಗುರುತ್ತದೆ.

ಫ್ರಿಜ್ ನನಗಂತೂ ಇಷ್ಟವಿಲ್ಲ. ತಣ್ಣನೆಯ ಪ್ಯಾಕೆಟನ್ನು ಜುಲೈ ಗಾಳಿಗೆ ತೆರೆದರೆ ಒಳಗೆಲ್ಲ ಬೆವರುತ್ತದೆ. ಮೂಲ ಚೀಲದಲ್ಲೇ ಗಾಳಿ ಒತ್ತಿ ತೆಗೆದು, ಜಿಪ್ ಮುಚ್ಚಿ, ಚೀಲ ಸಮೇತ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಿಳಿಸಿ. ಒಲೆ ಪಕ್ಕ ಬೇಡ, ಕೊಬ್ಬು ಕಮಟುತ್ತದೆ. ನಾನೊಮ್ಮೆ ಒದ್ದೆ ಚಮಚ ಹಾಕಿ ಅರ್ಧ ಕಿಲೋ ಕಳಕೊಂಡೆ. ಬೆಲೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ! ಚೆನ್ನಾಗಿರುವ ತುಂಡು ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಪುಡಿಯಾಗಬೇಕು. ನೆನೆಸಿ ಹಾಕಿದ್ದು ಬಟ್ಟಲಲ್ಲಿ ಉಳಿದರೆ ಚೆಲ್ಲಿ, ಕೈಯನ್ನೂ ಸೋಪಿನಲ್ಲಿ ತೊಳೆಯಿರಿ.