ಮಗಳು ಫೋನಿನ ಪಿನ್ ಬದಲಿಸಿದಾಗ

(ಗುರುತು ಸಿಗದಂತೆ ವಯಸ್ಸು, ವೃತ್ತಿ ಮತ್ತು ಕೆಲವು ಸಂದರ್ಭಗಳನ್ನು ಬದಲಿಸಲಾಗಿದೆ. ಮಗಳೂ ಸೇರಿ ಮೂವರೂ ಓದಿ ಒಪ್ಪಿದ ನಂತರವೇ ಬರೆದದ್ದು.)

ಆಪ್ತಸಮಾಲೋಚಕಿಯಾದ ನನ್ನ ಬಳಿ ತಂದೆ-ತಾಯಿ ತಂದ ದೂರು ಚಿಕ್ಕದು. ಒಂಬತ್ತನೇ ತರಗತಿಯ ಮಗಳು ಇದ್ದಕ್ಕಿದ್ದಂತೆ ಫೋನಿನ ಪಿನ್ ಬದಲಿಸಿದ್ದಾಳೆ, ಬಂಧುಗಳ ವಾಟ್ಸಾಪ್ ಗುಂಪಿನಿಂದ ಹೊರಬಂದಿದ್ದಾಳೆ, ಯಾರಾದರೂ ಫೋಟೊ ತೆಗೆಯಲು ಹೋದರೆ ಎದ್ದು ಹೋಗುತ್ತಾಳೆ. "ಈ ವಯಸ್ಸಿನ ಹುಡುಗಿಗೆ ನಮ್ಮಿಂದ ಮುಚ್ಚಿಡೋಕೆ ಏನಿರುತ್ತೆ ಮೇಡಂ?" ಎಂದರು ತಂದೆ. ಪ್ರೇಮ ಪ್ರಕರಣವೇ ಇರಬೇಕು ಎಂದು ಇಬ್ಬರೂ ಆಗಲೇ ತೀರ್ಮಾನಿಸಿದಂತಿತ್ತು.

ಮಗಳ ಜೊತೆ ಒಬ್ಬಳೊಂದಿಗೇ ಮಾತಾಡಿದೆ. ಮಕ್ಕಳಿಗೆ ಮೊದಲ ಭೇಟಿಯಲ್ಲೇ ಒಂದು ಕರಾರು ಹೇಳುತ್ತೇನೆ: ನೀನು ಹೇಳಿದ್ದು ಈ ಕೋಣೆ ದಾಟುವುದಿಲ್ಲ, ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ದೊಡ್ಡವರಿಗೆ ತಿಳಿಸುತ್ತೇನೆ, ಅದನ್ನೂ ನಿನಗೆ ಮೊದಲೇ ಹೇಳಿ. ಅದನ್ನು ಕೇಳಿ ಅವಳು, "ನಮ್ಮನೇಲಿ ಅಂಥ ಕರಾರೇ ಇಲ್ಲ" ಎಂದಳು. ಅಲ್ಲಿಂದ ಮಾತು ಹರಿಯಿತು.

ಕೆಲವು ತಿಂಗಳ ಹಿಂದೆ ಅವಳನ್ನು ವೈದ್ಯರ ಬಳಿ ಕರೆದೊಯ್ದಿದ್ದರು. ಏನು ತೊಂದರೆ ಎಂಬುದು ಇಲ್ಲಿ ಬೇಡ. ತಾಯಿ ಗಾಬರಿಯಲ್ಲಿ ಔಷಧ ಚೀಟಿಯ ಫೋಟೊ ತೆಗೆದು, ಈ ಮಾತ್ರೆ ಕೊಡಬಹುದಾ ಎಂದು ಬಂಧುಗಳ ಗುಂಪಿನಲ್ಲಿ ಕೇಳಿದರು. ಚಿಕ್ಕಮ್ಮಂದಿರು ಪ್ರೀತಿಯಿಂದಲೇ ಉತ್ತರಿಸಿದರು. ಗುಂಪಿನಲ್ಲಿದ್ದ ಅವಳ ವಯಸ್ಸಿನ ಹುಡುಗನೊಬ್ಬ ಅದರ ಸ್ಕ್ರೀನ್‌ಶಾಟ್ ತೆಗೆದ. ಎರಡೇ ದಿನದಲ್ಲಿ ಅದು ಅವಳ ತರಗತಿಯವರ ಕೈಯಲ್ಲಿತ್ತು. ಚೀಟಿಯ ಮೇಲೆ ಅವಳ ಪೂರ್ಣ ಹೆಸರು, ವಯಸ್ಸು, ಕಾಯಿಲೆಯ ಹೆಸರು ಎಲ್ಲವೂ ಸ್ಪಷ್ಟವಾಗಿದ್ದವು.

ಎರಡನೆಯ ಸಂಗತಿ ಅವಳಿಗೇ ಪೂರ್ತಿ ಅರ್ಥವಾಗಿರಲಿಲ್ಲ. ಗೆಳತಿ ತನಗೊಬ್ಬಳಿಗೇ ಬರೆದ ಮಾತೊಂದನ್ನು ತಂದೆ ಊಟದ ಹೊತ್ತಿನಲ್ಲಿ ಆಡಿಬಿಟ್ಟಿದ್ದರು. ರಾತ್ರಿ ತನ್ನ ಫೋನ್ ತೆಗೆದು ನೋಡುತ್ತಾರೆಂದು ಅವಳು ಪಿನ್ ಬದಲಿಸಿದಳು. "ಆಮೇಲೂ ಅಪ್ಪನಿಗೆ ಹೇಗೋ ಗೊತ್ತಾಗುತ್ತೆ."

ವಾಟ್ಸಾಪಿನಲ್ಲಿ 'ಲಿಂಕ್ಡ್ ಡಿವೈಸಸ್' (ಖಾತೆಗೆ ಜೋಡಿಸಿದ ಬೇರೆ ಸಾಧನಗಳ ಪಟ್ಟಿ) ತೆರೆದು ನೋಡು ಎಂದೆ. ಪಟ್ಟಿಯಲ್ಲಿ ಒಂದು ಕಂಪ್ಯೂಟರ್ ಇತ್ತು. ಬ್ರೌಸರಿನ ಹೆಸರು, ಅದರ ಕೆಳಗೆ ಕೊನೆಯ ಬಾರಿ ತೆರೆದಿದ್ದ ಹೊತ್ತು: ಅದೇ ದಿನ ಬೆಳಿಗ್ಗೆ. ಹಳೆಯ ಪಿನ್ ಗೊತ್ತಿದ್ದಾಗಲೇ ಒಮ್ಮೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಟ್ಟರೆ ಸಾಕು, ಆಮೇಲೆ ಫೋನಿನ ಪಿನ್ ಬದಲಿಸಿದರೂ ಆ ಕಂಪ್ಯೂಟರಿನ ಕೊಂಡಿ ತಾನಾಗಿ ಕಳಚುವುದಿಲ್ಲ. ಪಟ್ಟಿಯಲ್ಲಿ ಅದರ ಮೇಲೆ ಒತ್ತಿ ಲಾಗ್ ಔಟ್ ಮಾಡಲೇಬೇಕು.

"ಒತ್ತಲಾ?" ಎಂದಳು. ನಿನ್ನ ಖಾತೆ, ನಿನ್ನ ತೀರ್ಮಾನ ಎಂದೆ. ಒತ್ತಿದಳು.

ಮುಂದಿನ ಭೇಟಿಗೆ ತಂದೆ ಸಿಟ್ಟಿನಲ್ಲೇ ಬಂದರು. ಅವರ ಭಯವನ್ನು ನಾನು ಹಗುರವಾಗಿ ಕಾಣಲಿಲ್ಲ. ಅಪರಿಚಿತರ ಬಲೆಗೆ ಬಿದ್ದ ಮಕ್ಕಳ ಸುದ್ದಿ ದಿನವೂ ಓದುವ ಯಾವ ಅಪ್ಪನಿಗೂ ನಿದ್ದೆ ಬರುವುದಿಲ್ಲ. ಆದರೆ ಅವರು ಮಗಳ ಸಂದೇಶಗಳನ್ನು ತೆರೆದಿಟ್ಟಿದ್ದು ಕಚೇರಿಯ ಕಂಪ್ಯೂಟರಿನಲ್ಲಿ. ಆ ಯಂತ್ರ ಅವರದಲ್ಲ. ಕಚೇರಿಯ ತಾಂತ್ರಿಕ ಸಿಬ್ಬಂದಿ, ಪಕ್ಕದ ಮೇಜಿನವರು, ಪರದೆ ಲಾಕ್ ಮಾಡದೆ ಎದ್ದುಹೋದ ಗಳಿಗೆಯಲ್ಲಿ ಹಾದುಹೋದ ಯಾರು ಬೇಕಾದರೂ ಓದಬಹುದಿತ್ತು. ಅದರಲ್ಲಿ ಅವರ ಮಗಳ ಮಾತಷ್ಟೇ ಇರಲಿಲ್ಲ, ಬೇರೆ ಮನೆಗಳ ಹುಡುಗಿಯರು ನಂಬಿ ಬರೆದದ್ದೂ ಇತ್ತು. ಇದನ್ನು ಹೇಳಿದಾಗ ಅವರ ಮುಖ ಇಳಿಯಿತು.

"ಹಾಗಂತ ಮಕ್ಕಳಿಗೂ ಪ್ರೈವಸಿ ಅಂತ ಇರುತ್ತಾ?" ಎಂದು ಕೇಳಿದರು. ಇರುತ್ತದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನವನ್ನೂ ಪತ್ರವ್ಯವಹಾರವನ್ನೂ ಹೆಸರಿಸಿಯೇ ರಕ್ಷಿಸುತ್ತದೆ. ಅದೇ ಒಡಂಬಡಿಕೆಯ ಸಮಿತಿ 2021ರಲ್ಲಿ ಡಿಜಿಟಲ್ ಜಗತ್ತಿನ ಬಗ್ಗೆ ವಿವರಣೆ ಕೊಟ್ಟಾಗ, ಹೆತ್ತವರು ನಿಗಾ ಇಡಲೇಬಾರದು ಎನ್ನಲಿಲ್ಲ. ನಿಗಾ ಅಪಾಯಕ್ಕೆ ತಕ್ಕಷ್ಟಿರಬೇಕು, ಮಗು ಬೆಳೆದಂತೆ ಬದಲಾಗಬೇಕು ಎಂದಿತು. ಏಳು ವರ್ಷದ ಮಗುವಿನ ಫೋನಿನಲ್ಲಿ ಯಾವ ಆ್ಯಪ್ ಇರಬೇಕೆಂದು ನೀವೇ ತೀರ್ಮಾನಿಸಿ, ಅದು ಸರಿ. ಹದಿಹರೆಯದವಳಿಗೆ ಗೊತ್ತಿಲ್ಲದಂತೆ ಅವಳ ಸಂದೇಶ ಓದಿದರೆ, ನಿಜವಾದ ತೊಂದರೆ ಬಂದ ದಿನ ಅವಳು ಎಲ್ಲರಿಗಿಂತ ಕೊನೆಗೆ ಹೇಳುವುದು ನಿಮಗೇ. ಕದ್ದು ನೋಡುವ ಆ್ಯಪ್‌ಗಳ ಬಗ್ಗೆ ನನಗೆ ಯಾವ ಮರ್ಯಾದೆಯೂ ಇಲ್ಲ. ಅವು ಮಗುವಿನ ಮಾಹಿತಿಯನ್ನು ಇನ್ನೊಂದು ಕಂಪನಿಯ ಸರ್ವರಿಗೆ ಸುರಿಯುತ್ತವೆ. ಅಲ್ಲಿಂದ ಸೋರಿದರೆ ಹೊಣೆ ಯಾರು?

ತಾಯಿ ಅಲ್ಲಿಯವರೆಗೆ ಸುಮ್ಮನಿದ್ದರು. ಚೀಟಿಯ ವಿಷಯ ಎತ್ತಲು ಮಗಳ ಒಪ್ಪಿಗೆ ಪಡೆದಿದ್ದೆ. ಅವರಿಗೆ ಅಳು ಬಂತು, ಜೊತೆಗೇ ಆ ಸಂದೇಶ ಅಳಿಸಿಬಿಡುತ್ತೇನೆಂದು ಫೋನ್ ತೆಗೆದರು. ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ ವಾಟ್ಸಾಪಿನಲ್ಲಿ ಎರಡು ದಿನ ಚಿಲ್ಲರೆ ಹೊತ್ತು ಮಾತ್ರ ಇರುತ್ತದೆ. ಆ ಗಡುವು ಎಂದೋ ಮುಗಿದಿತ್ತು. ಗಡುವಿನೊಳಗೆ ಅಳಿಸಿದ್ದರೂ ಸ್ಕ್ರೀನ್‌ಶಾಟ್ ಉಳಿಯುತ್ತಿತ್ತು. ಉಳಿದ ದಾರಿ ಒಂದೇ: ಒಬ್ಬೊಬ್ಬರಿಗೂ ಕರೆ ಮಾಡಿ, ದಯವಿಟ್ಟು ಅಳಿಸಿ ಎಂದು ಕೇಳುವುದು. ಗುಂಪಿನಲ್ಲಿ ಬರೆಯಬೇಡಿ, ಮರೆತವರಿಗೂ ನೆನಪು ಮಾಡಿಕೊಟ್ಟಂತಾಗುತ್ತದೆ ಎಂದೆ. ಸ್ಕ್ರೀನ್‌ಶಾಟ್ ಹಂಚಿದ ಹುಡುಗನ ತಾಯಿಯೊಂದಿಗೆ ಮಾತು ಮುಖಾಮುಖಿ ಆಗಲಿ ಎಂದೆ.

ತಾಯಿಯ ಫೋನಿನಲ್ಲೇ ಇನ್ನೊಂದು ಫೋಟೊ ಕಂಡಿತು. ಮಗಳು ಬಹುಮಾನ ಪತ್ರ ಹಿಡಿದು ನಕ್ಕಿದ್ದಾಳೆ. ಸಾಮಾಜಿಕ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದರು. ಬೆರಳಲ್ಲಿ ದೊಡ್ಡದು ಮಾಡಿ ತೋರಿಸಿದೆ: ಶಾಲೆಯ ಹೆಸರು, ತರಗತಿ, ಹುಟ್ಟಿದ ದಿನಾಂಕ. ಹಿಂದೆ ಮನೆಯ ಬಾಗಿಲಿನ ಸಂಖ್ಯೆ. ಅವಳ ಹೆಸರಲ್ಲಿ ಯಾರಿಗಾದರೂ ವಂಚನೆ ಮಾಡಬೇಕಿದ್ದರೆ, ಶಾಲೆಯ ಹೊರಗೆ ಹೆಸರು ಹಿಡಿದು ಕರೆಯಬೇಕಿದ್ದರೆ, ಇಷ್ಟು ಸಾಕು. ಇದಲ್ಲದೆ ಫೋಟೊ ಫೈಲಿನೊಳಗೆ ತೆಗೆದ ಜಾಗದ ಅಕ್ಷಾಂಶ-ರೇಖಾಂಶವೂ ಅಡಗಿರಬಹುದು. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿದರೆ ಅದು ಕಳಚಿಹೋಗುತ್ತದೆ, 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಕ್ಯಾಮೆರಾ ಆ್ಯಪಿಗೆ ಲೊಕೇಶನ್ ಅನುಮತಿ ತೆಗೆದುಬಿಟ್ಟರೆ ಮುಂದೆ ತೆಗೆಯುವ ಫೋಟೊಗಳಲ್ಲಿ ಆ ತಲೆನೋವೇ ಇಲ್ಲ.

ತಂದೆ ಇನ್ನೊಂದು ಕೇಳಿದರು: 13 ತುಂಬಿದರೆ ಖಾತೆ ತೆರೆಯಬಹುದು ಎಂದು ಕಂಪನಿಗಳೇ ಹೇಳುತ್ತವಲ್ಲ, ಆ ವಯಸ್ಸಿಗೆ ಮಕ್ಕಳಿಗೆ ತಿಳಿವಳಿಕೆ ಬಂದಿರುತ್ತದೆ ಎಂದಲ್ಲವೇ? ಅಲ್ಲ. ಅಮೆರಿಕದಲ್ಲಿ 1998ರಲ್ಲಿ ಆದ ಕಾನೂನೊಂದು, 13ಕ್ಕಿಂತ ಕೆಳಗಿನ ಮಕ್ಕಳ ಮಾಹಿತಿ ಸಂಗ್ರಹಿಸಲು ಹೆತ್ತವರ ಒಪ್ಪಿಗೆ ಬೇಕು ಎಂದಿತು. ಆ ಜಂಜಾಟ ಬೇಡವೆಂದು ಹಲವು ಕಂಪನಿಗಳು 13ರ ಗೆರೆ ಎಳೆದವು. ಮಗುವಿನ ಪ್ರೌಢತೆಯನ್ನು ಅಳೆದು ಇಟ್ಟ ಸಂಖ್ಯೆ ಅದಲ್ಲ.

ಮನೆಗೆಂದು ಕೊಟ್ಟ ಸಲಹೆ ಹೆಚ್ಚೇನಿಲ್ಲ. ದೇಹ, ಕಾಯಿಲೆ, ಅಂಕಪಟ್ಟಿ, ಅಳು ಇವುಗಳ ಫೋಟೊ ಅಥವಾ ಸುದ್ದಿ ಮನೆಯ ಹೊರಗೆ ಹೋಗುವ ಮುನ್ನ ಅದು ಯಾರದೋ ಅವರನ್ನೇ ಕೇಳಬೇಕು. ಬೇಡ ಎಂದರೆ ಬೇಡ, ಕಾರಣ ಕೇಳುವಂತಿಲ್ಲ. ಲೊಕೇಶನ್ ಹಂಚಿಕೊಳ್ಳುವುದಾದರೆ ಮೂವರೂ ಹಂಚಿಕೊಳ್ಳಬೇಕು, ಅಪ್ಪ ಎಲ್ಲಿದ್ದಾರೆಂದು ಮಗಳಿಗೂ ಕಾಣಲಿ. ಬೆದರಿಕೆ, ಫೋಟೊ ಕೇಳುವ ದೊಡ್ಡವರು, ಸಾಯುವ ಮಾತು ಇವು ಕಂಡರೆ ತಂದೆ-ತಾಯಿ ಫೋನ್ ಕೇಳಿ ನೋಡಬಹುದು, ಆದರೆ ಅವಳ ಎದುರಿಗೇ. ಈ ಷರತ್ತಿಗೆ ಮಗಳು ತಕ್ಷಣ ಒಪ್ಪಿದ್ದು ತಂದೆಗೆ ಅಚ್ಚರಿ ತಂದಿತು.

ಇನ್ನು ಬೀಗದ ವಿಷಯ. ಮನೆಯವರೆಲ್ಲರ ಇಮೇಲ್, ಬ್ಯಾಂಕು, ವಾಟ್ಸಾಪಿಗೆ ಎರಡು ಹಂತದ ದೃಢೀಕರಣ (ಒಂದರ ಬದಲು ಎರಡು ಗುರುತು ಕೇಳುವ ಬೀಗ) ಹಾಕಿಸಿದೆ. ಎಲ್ಲ ಖಾತೆಗೂ ಮಗಳ ಹುಟ್ಟುಹಬ್ಬವೇ ಪಾಸ್‌ವರ್ಡ್ ಆಗಿತ್ತು, ಆ ದಿನಾಂಕ ಬಹುಮಾನದ ಫೋಟೊದಲ್ಲಿ ಊರಿಗೆಲ್ಲ ಕಾಣುತ್ತಿತ್ತು! ಬೇರೆ ಬೇರೆ ಪಾಸ್‌ವರ್ಡ್ ನೆನಪಿರುವುದಿಲ್ಲ ಎಂದರು ಅಜ್ಜಿ, ಫೋನಿನಲ್ಲಿ. ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ ಎಂದೆ. ಇದಕ್ಕೆ ಮೂಗು ಮುರಿಯುವವರಿದ್ದಾರೆ. ಆದರೆ ದೂರದಲ್ಲಿ ಕೂತ ಕಳ್ಳನಿಗೆ ಬೀರು ತೆರೆಯಲಾಗದು. ಎಲ್ಲೆಡೆ ಒಂದೇ ಪಾಸ್‌ವರ್ಡ್ ಇದ್ದರೆ, ಒಂದು ಕಡೆ ಸೋರಿದ್ದನ್ನು ಉಳಿದ ಕಡೆಯೂ ಹಾಕಿ ನೋಡುತ್ತಾನೆ.

ಪಿನ್ ಮಗಳದೇ ಆಗಿ ಉಳಿದಿದೆ. ಸ್ಕ್ರೀನ್‌ಶಾಟ್ ಎಷ್ಟು ಫೋನುಗಳಲ್ಲಿ ಇನ್ನೂ ಇದೆಯೋ ಯಾರಿಗೂ ತಿಳಿಯದು, ಅದರ ಸಂಕಟಕ್ಕೆ ಅವಳ ಭೇಟಿಗಳು ಮುಂದುವರಿದಿವೆ. ಬಂಧುಗಳ ಗುಂಪಿಗೆ ಮರಳಿ ಸೇರಿಸಲಾ ಎಂದು ತಾಯಿ ಒಮ್ಮೆ ಕೇಳಿದ್ದಾರೆ, ಅವಳು ಬೇಡ ಎಂದಿದ್ದಾಳೆ.