ಪ್ರಕರಣ: ಹಾವು ಕಚ್ಚಿ ಸತ್ತಳೆಂದು ಮನೆಯವರು ಹೇಳಿದ ಅವ್ವ

ಕಲಬುರಗಿಯಲ್ಲಿ ನೌಕರಿ ಮಾಡುವ 34 ವರ್ಷದ ಮಹಿಳೆ. ತವರು ಯಾದಗಿರಿ ಕಡೆಯ ಹಳ್ಳಿ. (ಗುರುತು ಸಿಗದಂತೆ ವಿವರ ಬದಲಿಸಿದೆ.) ಸಲಹೆಗಾರರಾದ ನಮ್ಮ ಬಳಿ ಬಂದದ್ದು ನಿದ್ದೆಯ ದೂರು ಹೊತ್ತು: ನಸುಕಿನ ಮೂರಕ್ಕೆ ಎಚ್ಚರ, ಎದೆ ಡವಗುಟ್ಟುವುದು, ಹೊರಗಿನಿಂದ ಚಿಲಕ ಬಿದ್ದ ಸಪ್ಪಳಕ್ಕೆ ಕೈಕಾಲು ತಣ್ಣಗಾಗುವುದು. ಇಸಿಜಿ, ಥೈರಾಯ್ಡ್ ಎರಡೂ ಸರಿಯಿದ್ದವು.

"ಮಗಳಿಗಿ ಐದು ತುಂಬಿದಾಗಿಂದ ಹಿಂಗ ಆಗ್ಯಾದ್ರಿ" ಅಂದರು. ಅವರ ಅವ್ವ ತೀರಿದಾಗ ಅವರಿಗೂ ಐದೇ ವರ್ಷ. ತಾನು ಪೆಟ್ಟು ತಿಂದ ವಯಸ್ಸಿಗೆ ಮಗು ಬಂದು ನಿಂತಾಗ ಹಳೆಯ ಗಾಯ ಬಾಯಿ ಬಿಡುವುದು ಅನೇಕರಲ್ಲಿ ಕಾಣುತ್ತದೆ.

ಅವ್ವನಿಗೆ ಹಾವು ಕಚ್ಚಿತೆಂದು ಮನೆಯಲ್ಲಿ ಹೇಳಿದ್ದರು. ಪಂಚಮಿಗೆ ಊರೆಲ್ಲ ಜೋಕಾಲಿ ಕಟ್ಟಿದರೂ ಆ ಮನೆಯಲ್ಲಿ ಕಟ್ಟುತ್ತಿರಲಿಲ್ಲ. ಹಾವಿನ ಮಾತಿಗೆ ಅದೂ ಹೊಂದುತ್ತಿತ್ತು, ಹಾಗಾಗಿ ಯಾರೂ ಕೆದಕಲಿಲ್ಲ. ಈಚೆಗೆ ಒಂದು ಮದುವೆಯಲ್ಲಿ ಚಿಗವ್ವನ ಬಾಯಿಂದ ಬಾವಿಯ ಮಾತು ಜಾರಿತು. ಬರುವ ಪಂಚಮಿಗೆ ಎಲ್ಲರೆದುರೇ ಅಪ್ಪನನ್ನು ಕೇಳುತ್ತೇನೆಂದು ಆಕೆ ಹಟ ಹಿಡಿದಿದ್ದರು.

ಅದನ್ನು ತಡೆದೆವು. ಹಬ್ಬದ ದಿನ ಹತ್ತು ಜನರ ನಡುವೆ ಕೇಳಿದರೆ ಮನೆಯವರು ಮರ್ಯಾದೆ ಉಳಿಸಿಕೊಳ್ಳಲು ನಿಲ್ಲುತ್ತಾರೆ, ಒಮ್ಮೆ ಹೇಳಿದ ಸುಳ್ಳು ಇನ್ನೂ ಗಟ್ಟಿಯಾಗುತ್ತದೆ. ಕೇಳಿದವರ ಮೈ ಆ ಹೊಡೆತ ತಡೆಯುವ ಸ್ಥಿತಿಯಲ್ಲೂ ಇರುವುದಿಲ್ಲ.

ಮೊದಲ ಭೇಟಿಯಲ್ಲೇ ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆವು. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ. "ಸಾಯಬೇಕು ಅಂತಿಲ್ರಿ, ಬದುಕು ಬ್ಯಾಸರಾಗತದ" ಎಂದರು. ರಾತ್ರಿ ಕರೆ ಮಾಡಬಹುದಾದ ಮೂವರ ಹೆಸರು ಬರೆಸಿದೆವು, ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಅಲ್ಲಿ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಔಷಧದಂಗಡಿಯಿಂದ ತಾವೇ ತಂದು ನುಂಗುತ್ತಿದ್ದ, ಆತಂಕ ತಗ್ಗಿಸುವ ಆಲ್ಪ್ರಜೋಲಾಮ್ ಮಾತ್ರೆಯ ಬಗ್ಗೆ ಮನೋವೈದ್ಯರ ಬಳಿ ಕಳಿಸಿದೆವು. ಅದು ಆಘಾತವನ್ನು ಗುಣಪಡಿಸುವುದಿಲ್ಲ, ಚಟ ಹತ್ತಿಸುತ್ತದೆ. ದಿಢೀರನೆ ಬಿಟ್ಟರೂ ಅಪಾಯ, ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಮುಂದಿನ ಮೂರು ಭೇಟಿ ಬರೀ ಮೈಯನ್ನು ಶಾಂತಗೊಳಿಸಲು. ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ, ಐದು ನಿಮಿಷ, ದಿನಕ್ಕೆರಡು ಸಲ. ನಸುಕಿನಲ್ಲಿ ಎಚ್ಚರಾದರೆ ಹೊರಳಾಡದೆ ಎದ್ದು, ಅಂಗಾಲು ತಣ್ಣನೆಯ ಪರಸಿ ಕಲ್ಲಿನ ನೆಲಕ್ಕೆ ಊರಿ, ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳುವುದು.

ಆಮೇಲೆ ನೋಟ್‌ಬುಕ್. ಕಣ್ಣಾರೆ ಕಂಡದ್ದು ಕೆಂಪು ಶಾಯಿಯಲ್ಲಿ, ಇನ್ನೊಬ್ಬರು ಹೇಳಿದ್ದು ನೀಲಿಯಲ್ಲಿ, ಊಹೆ ಪೆನ್ಸಿಲ್‌ನಲ್ಲಿ. ಒಮ್ಮೆಗೆ 20 ನಿಮಿಷ, ಅದಕ್ಕಿಂತ ಹೆಚ್ಚಲ್ಲ. ಕೆಂಪಿನಲ್ಲಿ ಉಳಿದದ್ದು ಮೂರೇ ಸಾಲು: ಕತ್ತಲ ಕೋಣೆ, ಹೊರಗಿನ ಚಿಲಕ, ಯಾರದೋ ಅಳು. "ಅವ್ವನ್ನ ಕೊಂದಾರ" ಎಂಬುದು ಪೆನ್ಸಿಲ್‌ನಲ್ಲಿತ್ತು. ಸಲಹೆಗಾರರು ಎಡವುವುದು ಇಲ್ಲೇ. "ನೆನಪು ಮಾಡಿಕೊಳ್ಳಿ, ಇನ್ನೇನೋ ಇರಬೇಕು" ಎಂದು ಒತ್ತಿದರೆ ಇಲ್ಲದ ನೆನಪೂ ಹುಟ್ಟುತ್ತದೆ. ಸಂಮೋಹನವನ್ನಂತೂ ಮುಟ್ಟಬಾರದು.

ಕಾಗದಪತ್ರದ ದಾರಿಯನ್ನೂ ತಿಳಿಸಿದೆವು. ಮರಣ ನೋಂದಣಿಯ ನಕಲು ಸಿಗುತ್ತದೆ. ಅಸಹಜ ಸಾವಾಗಿದ್ದರೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ಠಾಣೆಯಲ್ಲಿ ಕಡತವಾಗಿರಬೇಕು. ಮದುವೆಯಾಗಿ 7 ವರ್ಷದೊಳಗಿನ ಆತ್ಮಹತ್ಯೆ ಅಥವಾ ಅನುಮಾನಾಸ್ಪದ ಸಾವಾದರೆ ತಹಶೀಲ್ದಾರರಂಥ ಕಾರ್ಯನಿರ್ವಾಹಕ ದಂಡಾಧಿಕಾರಿಯ ವಿಚಾರಣೆಯೂ ನಡೆದಿರಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಆದರೆ ಹಳೆಯ ಕಡತ ನಾಶವಾಗಿರುವುದೂ ಉಂಟು. ಕಾನೂನಿನ ಪ್ರಶ್ನೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ನೆರವು ಉಚಿತ.

ಒಂಬತ್ತನೇ ಭೇಟಿಯ ನಂತರ ಆಕೆ ಊರಿಗೆ ಹೋದರು. ಹಬ್ಬವಲ್ಲದ ದಿನ, ಬೆಳಗ್ಗೆ, ಅಪ್ಪ ಒಬ್ಬರೇ ಇದ್ದಾಗ, ಅರ್ಧ ಗಂಟೆಯ ಮಿತಿಯಲ್ಲಿ. "ಯಾಕ ಸುಳ್ಳ ಹೇಳಿದಿ?" ಎಂದರೆ ಬಾಯಿ ಮುಚ್ಚುತ್ತದೆ. ಅದಕ್ಕೇ ಒಂದೇ ಪ್ರಶ್ನೆ ಆರಿಸಿಕೊಟ್ಟಿದ್ದೆವು: "ಅವ್ವ ಸತ್ತ ದಿನ ನಾ ಎಲ್ಲಿದ್ದೆ?"

ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: ಅವ್ವ ತಾನೇ ಬಾವಿಗೆ ಬಿದ್ದಿದ್ದಳು, ಹೆಣ ಮಗುವಿನ ಕಣ್ಣಿಗೆ ಬೀಳಬಾರದೆಂದು ಅಜ್ಜಿ ಕೋಣೆಗೆ ಚಿಲಕ ಹಾಕಿದ್ದಳು. ಹಿಂದಿನ ರಾತ್ರಿ ಮನೆಯಲ್ಲಿ ಜಗಳವಾಗಿತ್ತೆಂದೂ ಒಪ್ಪಿದರು. ಯಾತಕ್ಕೆಂದು ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಇದು ನೀಲಿಯಲ್ಲೇ ಇದೆ. ಕಡತಕ್ಕೆ ಅರ್ಜಿ ಹಾಕಬೇಕೋ ಬೇಡವೋ ಎಂಬುದನ್ನು ಆಕೆ ಇನ್ನೂ ತೀರ್ಮಾನಿಸಿಲ್ಲ, ಆ ತೀರ್ಮಾನ ಆಕೆಯದೇ.

ಐದರ ಮಗಳಿಗೆ ಏನು ಹೇಳುವುದು? ಹಾವಿನ ಕತೆ ಬೇಡ ಎಂದೆವು. "ನನ್ನ ಅವ್ವಗ ಮನಸಿಗಿ ಬಾಳ ಜಡ್ಡಾಗಿತ್ತು, ತೀರಿಕೊಂಡಳು. ನನಗ ದುಃಖ ಆಗತದ, ಅದು ನಿನ್ನಿಂದ ಅಲ್ಲ." ಈಗಕ್ಕೆ ಇಷ್ಟು ಸಾಕು. ಉಳಿದದ್ದನ್ನು ಮಗಳು ಕೇಳಿದಾಗ, ವಯಸ್ಸಿಗೆ ತಕ್ಕಷ್ಟು.